ಪುಸ್ತಕದಲ್ಲಿ ಸುಣ್ಣ, ಮಣ್ಣು ಮಾತ್ರ ಹುಳಿ: ಕಂಪನಿಯವರು ಪಕ್ಷಕ್ಕೆ ಕೊಟ್ಟ ದುಡ್ಡನ್ನು ಎಲ್ಲಿ ಬರೆಯುತ್ತಾರೆ?

ಪ್ರಶ್ನೆ: ತೋಟದ ರೈಟರ್, ಸಿದ್ದಾಪುರ ಕಡೆ

ಎಲ್ಲರಿಗೂ ನಮಸ್ಕಾರ. ನಾನು ಸಿದ್ದಾಪುರ ಕಡೆ ಒಂದು ಕಾಫಿ ತೋಟದಲ್ಲಿ 31 ವರ್ಷದಿಂದ ರೈಟರ್. ಹಾಜರಿ, ಬಟವಾಡೆ, ಗೊಬ್ಬರ, ಡೀಸೆಲ್, ಹಣ್ಣು ಕೊಯ್ದ ಕೆಜಿ ಲೆಕ್ಕ, ಎಲ್ಲ ನನ್ನ ಕೈಬರಹದಲ್ಲೇ ಇದೆ. ಕಂಪ್ಯೂಟರ್ ಬಂದ ಮೇಲೂ ಮೊದಲು ಪುಸ್ತಕದಲ್ಲಿ ಬರೆದು ಆಮೇಲೆ ಅದಕ್ಕೆ ಹಾಕುವುದು ನನ್ನ ಅಭ್ಯಾಸ. ರಾಜಕೀಯ ನನ್ನ ವಿಷಯ ಅಲ್ಲ. ಆದರೆ ಕಳೆದ ತಿಂಗಳು ಆದ ಒಂದು ಪ್ರಸಂಗ ತಲೆಯಿಂದ ಹೋಗುತ್ತಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ದೊಡ್ಡ ಸಾಹುಕಾರರು ತೀರಿಹೋದರು. ಮಗ ಬೆಂಗಳೂರಿನ ಕೆಲಸ ಬಿಟ್ಟು ಬಂದು ತೋಟ ನೋಡಿಕೊಳ್ಳುತ್ತಿದ್ದಾರೆ. ಓದಿದ ಹುಡುಗ, ಎಲ್ಲ ಅಳೆದು ನೋಡಬೇಕು. ಬಂದ ಕೂಡಲೇ ನಾಲ್ಕು ಬ್ಲಾಕಿನ ಮಣ್ಣು ತೆಗೆಸಿ, ಕವರಿಗೆ ತುಂಬಿ, ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ಕೊಟ್ಟು ಬಂದರು. ರಿಪೋರ್ಟ್ ಬಂತು. ತೋಡಿನ ಪಕ್ಕದ ಬ್ಲಾಕಿನ ಮಣ್ಣು ಪಿಎಚ್ 4.9. ಅಂದರೆ ಹುಳಿಯೋ ಹುಳಿ. ಸುಣ್ಣ ಹಾಕಿದ ಮಣ್ಣಿನ ಹುಳಿ ಇಳಿಯಬೇಕಿತ್ತು.

ಅವರು ಆಫೀಸಿಗೆ ಬಂದು ಹಳೇ ಪುಸ್ತಕಗಳನ್ನು ಇಳಿಸಿಕೊಂಡು ಕೂತರು. ಅರ್ಧ ಗಂಟೆ ಮಾತಿಲ್ಲ. ಆಮೇಲೆ ಕೇಳಿದರು: "ರೈಟ್ರೇ, 2018ರ ಏಪ್ರಿಲ್‌ನಲ್ಲಿ ಎರಡು ಲೋಡು ಸುಣ್ಣ. 2023ರ ಏಪ್ರಿಲ್‌ನಲ್ಲಿ ಮೂರು ಲೋಡು. ಎಲ್ಲ ಇದೇ ಬ್ಲಾಕಿಗೆ ಅಂತ ನೀವೇ ಬರೆದಿದ್ದೀರಿ. ಸುಣ್ಣ ಎಲ್ಲಿ ಹೋಯ್ತು?"

ಮಳೆಗೆ ತೊಳೆದು ಹೋಗಿರಬೇಕು ಅಂದೆ. ಅವರು ನಗಲಿಲ್ಲ.

ಆ ಸುಣ್ಣ ಬರಲೇ ಇಲ್ಲ. ಎರಡೂ ವಿಧಾನಸಭೆ ಚುನಾವಣೆಯ ವರ್ಷ. ಒಂದು ಮೇ 12ಕ್ಕೆ, ಇನ್ನೊಂದು ಮೇ 10ಕ್ಕೆ ಮತದಾನ. ಎರಡು ಸಲವೂ ಸಂಜೆ ಹೊತ್ತಿಗೆ ಜೀಪು ಬಂತು, ಬಂಗ್ಲೆ ಜಗಲಿಯಲ್ಲಿ ಕಾಫಿ ಆಯಿತು, ಜೀಪು ಹೋಯಿತು. ಮಾರನೇ ದಿನ ಬೆಳಿಗ್ಗೆ ದೊಡ್ಡವರು "ಸುಣ್ಣ ಅಂತ ಬರಿ" ಅಂದರು. ಬರೆದೆ. ಸುಣ್ಣವೇ ಯಾಕೆ ಅಂತ ನಿಮಗೆ ಅನಿಸಬಹುದು. ಡೀಸೆಲ್ ಅಂತ ಬರೆದರೆ ಟ್ರ್ಯಾಕ್ಟರ್ ಮೀಟರ್ ಇದೆ. ಗೊಬ್ಬರ ಅಂದರೆ ಖಾಲಿ ಚೀಲ ಉಳಿಯಬೇಕು. ಸುಣ್ಣ ಮಣ್ಣಿಗೆ ಹೋಗುತ್ತದೆ, ಯಾರೂ ಅಗೆದು ನೋಡುವುದಿಲ್ಲ. 2023ರಲ್ಲಿ ಎರಡು ಜೀಪು ಬಂದಿತ್ತು, ಎರಡು ಬೇರೆ ಬಾವುಟ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತಾರಲ್ಲ, ನಮ್ಮವರು ಯಾರಿಗೂ ಬೇಜಾರು ಮಾಡಲಿಲ್ಲ, ಇಬ್ಬರಿಗೂ ಸುಣ್ಣವನ್ನೇ ಕೊಟ್ಟರು.

ಅದರಿಂದ ಸಾಹುಕಾರರಿಗೆ ಏನು ಸಿಕ್ಕಿತು ಅಂದರೆ, ನನ್ನ ಕಣ್ಣಿಗೆ ಕಂಡಂತೆ ದುಡ್ಡಂತೂ ಸಿಗಲಿಲ್ಲ. ಫೋನ್ ಮಾಡಿದರೆ ಆ ಕಡೆ ಎತ್ತುತ್ತಿದ್ದರು, ಅಷ್ಟೇ. ಮಳೆಗಾಲದಲ್ಲಿ ಬಂಗ್ಲೆ ದಾರಿಯ ಮೋರಿ ಕುಸಿದಾಗ ಒಂದೇ ಫೋನಿಗೆ ಜೆಸಿಬಿ ಬಂತು. ಲೈನ್‌ಮನೆಯವರು, ಅಂದರೆ ತೋಟದ ಕೂಲಿಯವರು, ಕುಡಿಯುವ ನೀರಿಗೆ ಮೂರು ಸಲ ಅರ್ಜಿ ಬರೆಸಿದ್ದರು. ಬರೆದುಕೊಟ್ಟವನೂ ನಾನೇ. ನೀರು ಬಂದದ್ದು ನಾಲ್ಕನೇ ವರ್ಷ.

ಈಗ ನನ್ನ ಪ್ರಶ್ನೆ. ನಮ್ಮದು ಸಣ್ಣ ತೋಟ, ಸಣ್ಣ ಸುಣ್ಣ. ಕೋಟಿಗಟ್ಟಲೆ ಕೊಡುವ ಕಂಪನಿಗಳು ತಮ್ಮ ಪುಸ್ತಕದಲ್ಲಿ ಏನಂತ ಬರೆಯುತ್ತವೆ? ಪಕ್ಷಗಳಿಗೆ ಕೊಡಲು ಬ್ಯಾಂಕಿನಲ್ಲಿ ಕೊಳ್ಳುತ್ತಿದ್ದ ಚುನಾವಣಾ ಬಾಂಡ್‌ಗಳನ್ನು 2024ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು ಅಂತ ಪೇಪರಿನಲ್ಲಿ ಓದಿದ್ದೇನೆ. ಹಾಗಾದರೆ ಈಗ ಎಲ್ಲ ಕಾಣುತ್ತದಾ? ನನ್ನ ಮಗ ಮೊಬೈಲಿನಲ್ಲಿ ಒಂದು ಕಂಪನಿಯ 40 ಶೇರು ತಗೊಂಡಿದ್ದಾನೆ. ಆ ಲೆಕ್ಕದಲ್ಲಿ ಅವನೂ ಒಬ್ಬ ಸಣ್ಣ ಸಾಹುಕಾರ ಅಲ್ವಾ? ಅವನಿಗೆ ತೋರಿಸಬೇಕಾ ಬೇಡ್ವಾ?

ಉತ್ತರ: ನಿವೃತ್ತ ಬ್ಯಾಂಕಿನವನು, ಮಡಿಕೇರಿ

ರೈಟರ್ ಸಾರ್, ನಾನು 34 ವರ್ಷ ಕೌಂಟರ್ ಈ ಕಡೆ ಕೂತವನು. ನಿಮ್ಮ ಸುಣ್ಣದ ಕಥೆ ಓದಿ ನಗುವೂ ಬಂತು, ಹೊಟ್ಟೆಯಲ್ಲಿ ಒಂಥರಾ ಆಯಿತು. ಎಷ್ಟು ತೋಟದ ಲೆಕ್ಕಪತ್ರಕ್ಕೆ ನಾನು ಸಹಿ ಹಾಕಿ ಸಾಲ ಕೊಟ್ಟಿದ್ದೇನೋ.

ಬಾಂಡ್ ಹೇಗಿತ್ತು ಅಂತ ಹೇಳುತ್ತೇನೆ. 2017ರ ಬಜೆಟ್‌ನಲ್ಲಿ ಅರುಣ್ ಜೇಟ್ಲಿ ಘೋಷಿಸಿದ್ದು, 2018ರ ಜನವರಿಯಲ್ಲಿ ಜಾರಿಗೆ ಬಂತು. ಸ್ಟೇಟ್ ಬ್ಯಾಂಕ್ ಒಂದರಲ್ಲೇ ಸಿಗುತ್ತಿತ್ತು, ಅದೂ ದೇಶಕ್ಕೆಲ್ಲ ಸೇರಿ 29 ಶಾಖೆಯಲ್ಲಿ ಮಾತ್ರ. 1,000, 10,000, 1 ಲಕ್ಷ, 10 ಲಕ್ಷ, 1 ಕೋಟಿ, ಹೀಗೆ ಐದು ಬಗೆ. ಬಡ್ಡಿ ಇಲ್ಲ. 15 ದಿನದೊಳಗೆ ಪಕ್ಷದವರು ಖಾತೆಗೆ ಹಾಕಿಕೊಳ್ಳಬೇಕು. ಬಾಂಡ್ ಮೇಲೆ ಕೊಟ್ಟವರ ಹೆಸರಿಲ್ಲ, ತಗೊಳ್ಳುವವರ ಹೆಸರೂ ಇಲ್ಲ. 1,000 ರೂಪಾಯಿಯದ್ದು ನಿಮ್ಮಂಥ ನನ್ನಂಥವರಿಗೆ ಅಂತ ಇಟ್ಟಿದ್ದರೋ ಏನೋ. ಬಹುಪಾಲು ಹಣ ಓಡಾಡಿದ್ದು 1 ಕೋಟಿಯ ಬಾಂಡ್‌ನಲ್ಲಿ.

ಹೆಸರು ಗುಟ್ಟು ಅಂತ ಸರ್ಕಾರ ಹೇಳಿತು. ಯಾರಿಗೆ ಗುಟ್ಟು? ಬಾಂಡ್ ತಂದುಕೊಡುವವನು ತನ್ನ ಹೆಸರು ಹೇಳದೆ ಟೇಬಲ್ ಮೇಲಿಟ್ಟು ಓಡಿಹೋಗುತ್ತಾನಾ? ನಿಮ್ಮ ಜೀಪಿನವರಿಗೆ ಯಾವ ತೋಟದಲ್ಲಿ ಕಾಫಿ ಕುಡಿದೆವು ಅಂತ ಗೊತ್ತಿರಲಿಲ್ಲವಾ? ಕೊಟ್ಟವನಿಗೂ ಗೊತ್ತು, ತಗೊಂಡವನಿಗೂ ಗೊತ್ತು. ಗೊತ್ತಿಲ್ಲದ್ದು ಲೈನ್‌ಮನೆಯವರಿಗೆ.

ಅದರ ಜೊತೆಗೆ ಇನ್ನೊಂದು ಮಾಡಿದರು, ಅದು ಜಾಸ್ತಿ ಸುದ್ದಿ ಆಗಲಿಲ್ಲ. ಮೊದಲು ಒಂದು ಕಂಪನಿ ತನ್ನ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 7.5ರವರೆಗೆ ಮಾತ್ರ ಪಕ್ಷಗಳಿಗೆ ಕೊಡಬಹುದಿತ್ತು. ಯಾವ ಪಕ್ಷಕ್ಕೆ ಎಷ್ಟು ಅಂತ ಲಾಭ-ನಷ್ಟದ ಲೆಕ್ಕದಲ್ಲಿ ಬರೆಯಬೇಕಿತ್ತು. 2017ರಲ್ಲಿ ಮಿತಿಯನ್ನೂ ತೆಗೆದರು, ಪಕ್ಷದ ಹೆಸರು ಬರೆಯುವುದನ್ನೂ ತೆಗೆದರು. ಒಟ್ಟು ಮೊತ್ತ ಬರೆದರೆ ಸಾಕು. ಅಂದರೆ ನಷ್ಟದಲ್ಲಿರುವ ಕಂಪನಿಯೂ ಎಷ್ಟು ಬೇಕಾದರೂ ಕೊಡಬಹುದು! ನಷ್ಟದಲ್ಲಿರುವ ಬೆಳೆಗಾರ ನಮ್ಮ ಬ್ಯಾಂಕಿಗೆ ಬಂದು 3 ಲಕ್ಷ ಕೇಳಿದರೆ ಮೂರು ವರ್ಷದ ಲೆಕ್ಕ ತಾ, ಆರ್‌ಟಿಸಿ ತಾ, ಜಾಮೀನು ತಾ ಅಂತ ಅಲೆಸುತ್ತಿದ್ದೆವು. ನಾನೇ ಅಲೆಸಿದ್ದೇನೆ.

2024ರ ಫೆಬ್ರವರಿ 15ಕ್ಕೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದನ್ನೆಲ್ಲ ರದ್ದು ಮಾಡಿತು. ಮತದಾರನಿಗೆ ತಿಳಿಯುವ ಹಕ್ಕಿದೆ ಅಂತ ಹೇಳಿತು. ನೀವು ಬರೆದ ಫೋನಿನ ಮಾತೂ ಆ ತೀರ್ಪಿನಲ್ಲಿ ಬೇರೆ ರೀತಿಯಲ್ಲಿ ಇದೆ: ದುಡ್ಡು ಕೊಟ್ಟವನಿಗೆ ಅಧಿಕಾರದಲ್ಲಿರುವವರ ಹತ್ತಿರ ಕೂರುವ ಜಾಗ ಸಿಗುತ್ತದೆ, ಅಲ್ಲಿಂದ ನೀತಿ ಮಾಡುವಾಗ ಅವನ ಮಾತು ನಡೆಯುತ್ತದೆ ಅಂತ. ಯಾರು ಕೊಂಡರು, ಯಾರು ತಗೊಂಡರು ಅಂತ ಪಟ್ಟಿ ಕೊಡಿ ಅಂದಾಗ ಸ್ಟೇಟ್ ಬ್ಯಾಂಕ್ ಜೂನ್ 30ರವರೆಗೆ ಟೈಮ್ ಕೇಳಿತು. ಎರಡು ಕಡೆಯ ಮಾಹಿತಿ ಬೇರೆ ಬೇರೆ ಇದೆ, ಹೊಂದಿಸಬೇಕು ಅಂತ. ಸಂಜೆ ಕ್ಯಾಶ್ ಟ್ಯಾಲಿ ಆಗದೆ ಒಂದು ದಿನವೂ ನಮ್ಮನ್ನು ಮನೆಗೆ ಬಿಟ್ಟಿರಲಿಲ್ಲ, ಅದಕ್ಕೇ ನನಗೆ ಅದನ್ನು ಓದಿ ಸಿಟ್ಟು ಬಂತು. ಕೋರ್ಟು ಒಪ್ಪಲಿಲ್ಲ, ಒಂದೇ ದಿನದ ಗಡುವು ಕೊಟ್ಟಿತು. ಮಾರ್ಚ್ 14ಕ್ಕೆ ಪಟ್ಟಿ ಹೊರಗೆ ಬಂತು. ಬಾಂಡ್ ನಂಬರ್ ಬಂದದ್ದು ಇನ್ನೊಂದು ವಾರದ ನಂತರ. ಆ ನಂಬರ್ ಬಂದ ಮೇಲಷ್ಟೇ ಇವನ ದುಡ್ಡು ಅವರಿಗೆ ಅಂತ ಗೊತ್ತಾಗಿದ್ದು.

ಒಟ್ಟು ಮಾರಾಟವಾದ ಬಾಂಡ್ ಸುಮಾರು 16,500 ಕೋಟಿ ರೂಪಾಯಿಯದ್ದು. ಹೊರಗೆ ಬಂದ ಪಟ್ಟಿಯಲ್ಲಿ ಎಲ್ಲರಿಗಿಂತ ಜಾಸ್ತಿ ಕೊಂಡದ್ದು ಒಂದು ಲಾಟರಿ ಕಂಪನಿ, ಫ್ಯೂಚರ್ ಗೇಮಿಂಗ್, 1,368 ಕೋಟಿ. ನಮ್ಮ ರಾಜ್ಯದಲ್ಲಿ ಲಾಟರಿ ನಿಂತು ಎಷ್ಟೋ ವರ್ಷ ಆಯಿತು. ಬಸ್‌ಸ್ಟ್ಯಾಂಡ್ ಮೂಲೆಯಲ್ಲಿ ಹುಡುಗರು ಟಿಕೆಟ್ ಮಾರುತ್ತಿದ್ದದ್ದು ನನಗೆ ಇನ್ನೂ ನೆನಪಿದೆ.

ಉತ್ತರ: ಬೆಳೆಗಾರ, ಪೊನ್ನಂಪೇಟೆ

ಮೊದಲು ಸುಣ್ಣದ ವಿಚಾರ. ರೈಟ್ರೇ, 2018ರಲ್ಲಿ ನಿಜವಾಗಿ ಹಾಕಿದ್ದರೂ ಈಗ ಅದರ ಸುಳಿವು ಇರುವುದಿಲ್ಲ. ನಮ್ಮ ಮಳೆಗೆ ಎರಡು ಮೂರು ವರ್ಷಕ್ಕೊಮ್ಮೆ ಹಾಕುತ್ತಲೇ ಇರಬೇಕು. ನಿಮ್ಮನ್ನು ಹಿಡಿದುಹಾಕಿದ್ದು 2023ರ ಮೂರು ಲೋಡು.

ಇನ್ನು ಬ್ಯಾಂಕಿನ ಸಾರ್ ಹೇಳಿದ್ದಕ್ಕೆ ನನ್ನದು ಅರ್ಧ ತಕರಾರು. ಬಾಂಡ್ ಬರುವ ಮೊದಲು ಏನು, ಎಲ್ಲ ಗಂಗಾಜಲವಾ? ಗೋಣಿಚೀಲದಲ್ಲಿ ಹೋಗುತ್ತಿತ್ತು. ಬಾಂಡ್‌ನಲ್ಲಿ ಕೊನೇಪಕ್ಷ ಬ್ಯಾಂಕ್ ದಾಟಿ ಹೋಯಿತು, ಅದಕ್ಕೇ ಇವತ್ತು ನೀವು ಹೆಸರು, ಮೊತ್ತ ಹೇಳಲು ಆಗುತ್ತಿರುವುದು. ರೈಟರ್ ಸುಣ್ಣದ ಪಟ್ಟಿ ಯಾವ ಕೋರ್ಟಿಗೆ ಸಿಗುತ್ತದೆ ಹೇಳಿ?

ಮತ್ತೆ ಒಂದೇ ಪಕ್ಷಕ್ಕೆ ಹೋಯಿತು ಅನ್ನುವ ಹಾಗೂ ಇಲ್ಲ. ಹೊರಗೆ ಬಂದ ಆ ಪಟ್ಟಿಯಲ್ಲಿ ಬಿಜೆಪಿಗೆ ಎಲ್ಲರಿಗಿಂತ ಜಾಸ್ತಿ, ಸುಮಾರು 6,060 ಕೋಟಿ. ತೃಣಮೂಲದವರಿಗೆ 1,600 ಕೋಟಿ, ಕಾಂಗ್ರೆಸ್ಸಿಗೆ 1,400 ಕೋಟಿ ದಾಟಿದೆ. ಪಕ್ಷ ನಡೆಸಲು ದುಡ್ಡು ಬೇಕು. ಬಾವುಟ, ಬಸ್ಸು, ಪೆಂಡಾಲು, ಊಟ. ನೀವು ಕೊಡುವುದಿಲ್ಲ, ನಾನೂ ಕೊಡುವುದಿಲ್ಲ. ನಮ್ಮ ಬೆಳೆಗಾರರ ಸಂಘದ ವಾರ್ಷಿಕ ಚಂದಾ ವಸೂಲಿಗೇ ನಾಲ್ಕು ಸಲ ಫೋನ್ ಮಾಡಬೇಕು. ಮತ್ತೆ ಯಾರು ಕೊಡಬೇಕು?

ಉತ್ತರ: ಅಂಗಡಿಯವಳು, ಗೋಣಿಕೊಪ್ಪ

ನಾನು ಕೊಡ್ತೀನಿ ಅಣ್ಣ. ಎಲ್ಲ ಪಕ್ಷದ ಹುಡುಗರೂ ರಸೀದಿ ಪುಸ್ತಕ ಹಿಡಿದು ಬರುತ್ತಾರೆ, 500 ಹರಿಯುತ್ತಾರೆ. ನನ್ನ ಹೆಸರು, ಅಂಗಡಿ ಹೆಸರು, ಫೋನ್ ನಂಬರ್ ಎಲ್ಲ ಅದರಲ್ಲಿ ಬರೆದುಕೊಳ್ಳುತ್ತಾರೆ. ನಾನು ಯಾರಿಗೆ ಎಷ್ಟು ಕೊಟ್ಟೆ ಅಂತ ಸಂತೆ ದಿನದೊಳಗೆ ಇಡೀ ಗೋಣಿಕೊಪ್ಪಕ್ಕೆ ಗೊತ್ತಿರುತ್ತದೆ. ನನಗಿಲ್ಲದ ಗುಟ್ಟು ಕೋಟಿ ಕೊಡುವವರಿಗೆ ಯಾಕೆ?

ಉತ್ತರ: ಸಿಎ ಆಫೀಸಿನ ಹುಡುಗಿ, ವಿರಾಜಪೇಟೆ

ರೈಟರ್ ಅಂಕಲ್, ನಿಮ್ಮ ಮೂರನೇ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಕೊಡ್ತೀನಿ. ಅದಕ್ಕೆ ಮೊದಲು ಪೊನ್ನಂಪೇಟೆ ಅಣ್ಣನಿಗೆ ಒಂದು ಮಾತು.

ನೀವು ಹೇಳಿದ ಗೋಣಿಚೀಲಕ್ಕೆ ಒಂದು ಕಾರಣ ಇದೆ ಅಣ್ಣ. 1969ರಲ್ಲಿ ಇಂದಿರಾ ಗಾಂಧಿ ಸರ್ಕಾರ ಕಂಪನಿಗಳು ಪಕ್ಷಕ್ಕೆ ಕೊಡುವುದನ್ನೇ ನಿಷೇಧಿಸಿತು. 1985ರಲ್ಲಿ ರಾಜೀವ್ ಗಾಂಧಿ ಕಾಲದಲ್ಲಿ ಮತ್ತೆ ಬಿಟ್ಟರು. ಮಧ್ಯದ 16 ವರ್ಷ ಪಕ್ಷಗಳೇನು ಉಪವಾಸ ಇರಲಿಲ್ಲ. ಬಾಗಿಲು ಮುಚ್ಚಿದಾಗ ದುಡ್ಡು ಕಿಟಕಿಯಿಂದ ಬಂತು, ಅಭ್ಯಾಸವೂ ಹಾಗೇ ಉಳಿಯಿತು. ಅಲ್ಲಿಯವರೆಗೆ ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಈ ಪಟ್ಟಿ ಬಾಂಡ್‌ನಿಂದ ಹೊರಗೆ ಬರಲಿಲ್ಲ. ಕೋರ್ಟು ಹಿಡಿದು ಎಳೆದದ್ದರಿಂದ ಬಂತು. ಬಾಂಡ್ ಇದ್ದ ಹಾಗೇ ಇದ್ದಿದ್ದರೆ ನಿಮ್ಮ 6,060 ಕೋಟಿಯ ಹಿಂದಿನ ಹೆಸರುಗಳು ನಮಗೆ ಸಿಗುತ್ತಲೇ ಇರಲಿಲ್ಲ.

ಕಂಪನಿ ದೇಣಿಗೆಯ ಅಪಾಯದ ಬಗ್ಗೆ 1957ರಲ್ಲೇ ಬಾಂಬೆ ಹೈಕೋರ್ಟಿನ ಎಂ.ಸಿ. ಛಾಗ್ಲಾ ಎಚ್ಚರಿಸಿದ್ದರು. ಟಾಟಾ ಸ್ಟೀಲ್ ಕಂಪನಿ ಪಕ್ಷಗಳಿಗೆ ಕೊಡಬಹುದಾ ಅನ್ನುವ ಕೇಸು ಅದು. ಕಾನೂನು ಪ್ರಕಾರ ಕೊಡಬಹುದು ಅಂತಲೇ ತೀರ್ಪು ಬಂತು, ಆದರೆ ಇದು ಬೆಳೆದರೆ ಪ್ರಜಾಪ್ರಭುತ್ವವನ್ನೇ ನುಂಗುತ್ತದೆ ಅನ್ನುವ ಆತಂಕವೂ ಅದರಲ್ಲಿತ್ತು. ನಮ್ಮ ಸಾರ್ ಇದನ್ನು ಆಡಿಟ್ ಪಾಠದ ಮಧ್ಯೆ ಹೇಳಿದ್ದು, ಅದೊಂದು ಮಾತ್ರ ನನಗೆ ಆ ಕ್ಲಾಸಿನಿಂದ ನೆನಪಿದೆ.

ಈಗಿನ ಸ್ಥಿತಿ ಹೀಗೆ. ಬಾಂಡ್ ಹೋಯಿತು, ಶೇ 7.5ರ ಮಿತಿ ವಾಪಸ್ ಬಂತು, ಪಕ್ಷದ ಹೆಸರು ಬರೆಯುವುದೂ ವಾಪಸ್ ಬಂತು. ಸರ್ಕಾರಿ ಕಂಪನಿ ಕೊಡುವ ಹಾಗಿಲ್ಲ, ಮೂರು ವರ್ಷ ತುಂಬದ ಕಂಪನಿಯೂ ಕೊಡುವ ಹಾಗಿಲ್ಲ. ಆದರೆ ಕೊಡಲು ಡೈರೆಕ್ಟರ್‌ಗಳ ಬೋರ್ಡ್ ಒಪ್ಪಿದರೆ ಸಾಕು. ನಿಮ್ಮ ಮಗನನ್ನು ಯಾರೂ ಕೇಳುವುದಿಲ್ಲ. ಕೊಟ್ಟ ಮೇಲೆ ಗೊತ್ತಾಗುತ್ತದೆ, ಅದೂ ಹುಡುಕಿದರೆ. ವಾರ್ಷಿಕ ವರದಿ ಡೌನ್‌ಲೋಡ್ ಮಾಡಿ. ಮುಂದಿನ ಬಣ್ಣದ ಪುಟಗಳಲ್ಲಿ ಗಿಡ ನೆಡುವ ಫೋಟೋ ಇರುತ್ತದೆ, ಅದನ್ನೆಲ್ಲ ಬಿಟ್ಟುಬಿಡಿ. ಹಿಂದೆ ಲೆಕ್ಕದ ಭಾಗದಲ್ಲಿ 'ಇತರೆ ವೆಚ್ಚ' ಅನ್ನುವ ಟಿಪ್ಪಣಿ ಇರುತ್ತದೆ, ಅಲ್ಲಿ ನೋಡಿ. ಇನ್ನೊಂದು ವಿಷಯ, ಈ ಕಂಪನಿಯೇ ಕೊಡಬೇಕು ಅಂತಿಲ್ಲ. ಅದರ ಮರಿ ಕಂಪನಿ ಕೊಟ್ಟಿರಬಹುದು. ಆಗ ಅದು ಆ ಮರಿಯ ಪುಸ್ತಕದಲ್ಲಿರುತ್ತದೆ.

ಮತ್ತೆ ಟ್ರಸ್ಟ್‌ಗಳಿವೆ. ಎಲೆಕ್ಟೋರಲ್ ಟ್ರಸ್ಟ್ ಅಂತ, 2013ರ ಸರ್ಕಾರಿ ಯೋಜನೆ ಪ್ರಕಾರ ನಡೆಯುತ್ತವೆ. ಕಂಪನಿಗಳು ಟ್ರಸ್ಟ್‌ಗೆ ಕೊಡುತ್ತವೆ, ಟ್ರಸ್ಟ್ ಬಂದದ್ದರಲ್ಲಿ ಶೇ 95ನ್ನು ಆ ವರ್ಷವೇ ಪಕ್ಷಗಳಿಗೆ ಹಂಚಬೇಕು. ಬಾಂಡ್‌ಗಿಂತ ಎಷ್ಟೋ ವಾಸಿ, ಯಾಕೆಂದರೆ ಕೊಟ್ಟವರ ಪಟ್ಟಿ, ತಗೊಂಡವರ ಪಟ್ಟಿ ಎರಡೂ ಚುನಾವಣಾ ಆಯೋಗಕ್ಕೆ ಹೋಗುತ್ತದೆ. ಆದರೆ ಹತ್ತು ತೋಟದ ಚೆರಿಯನ್ನು ಒಂದೇ ಕಣದಲ್ಲಿ ಸುರಿದು ಮತ್ತೆ ಚೀಲಕ್ಕೆ ತುಂಬಿದ ಹಾಗೆ ಅದು. ಯಾವ ಚೀಲದಲ್ಲಿ ಯಾರ ಹಣ್ಣು ಅಂತ ಹೇಗೆ ಹೇಳ್ತೀರಿ?

ಅಂಗಡಿ ಅಕ್ಕ, ನಿಮ್ಮ 500ರ ವಿಷಯದಲ್ಲಿ ಕಾನೂನು ಉಲ್ಟಾ ಇದೆ. 20,000 ದಾಟಿದ ದೇಣಿಗೆಯ ಹೆಸರನ್ನು ಮಾತ್ರ ಪಕ್ಷದವರು ಆಯೋಗಕ್ಕೆ ಕೊಡಬೇಕು. ಅದರೊಳಗಿನದ್ದಕ್ಕೆ ಹೆಸರು ಬೇಡ. ಆ ಲೆಕ್ಕದಲ್ಲಿ ನಿಮ್ಮ ಗುಟ್ಟು ದೆಹಲಿಗೆ ಗೊತ್ತಿಲ್ಲ, ಗೋಣಿಕೊಪ್ಪಕ್ಕೆ ಮಾತ್ರ ಗೊತ್ತು! ಆದರೆ ದೊಡ್ಡ ಮೊತ್ತವನ್ನು 20,000ದ ಒಳಗೆ ತುಂಡು ತುಂಡು ಮಾಡಿ ತೋರಿಸಲು ಇದೇ ದಾರಿ ಅಂತ ಬಹಳ ಹಿಂದಿನಿಂದ ದೂರು ಇದೆ.

ಕೊನೆಯದಾಗಿ ಖರ್ಚು. ವಿಧಾನಸಭೆ ಅಭ್ಯರ್ಥಿ ನಮ್ಮ ರಾಜ್ಯದಲ್ಲಿ 40 ಲಕ್ಷ ದಾಟುವಂತಿಲ್ಲ. ಪಕ್ಷಕ್ಕೆ ಮಿತಿಯೇ ಇಲ್ಲ. 1974ರಲ್ಲಿ ಸುಪ್ರೀಂ ಕೋರ್ಟು ಅಭ್ಯರ್ಥಿ ಪರವಾಗಿ ಪಕ್ಷ ಮಾಡಿದ ಖರ್ಚನ್ನೂ ಅವನ ಲೆಕ್ಕಕ್ಕೇ ಹಾಕಿ ಅಂದಿತ್ತು. ತೀರ್ಪಿನ ಶಾಯಿ ಒಣಗುವ ಮೊದಲೇ ಕಾನೂನು ತಿದ್ದಿದರು. ಪಕ್ಷ ಎಷ್ಟು ಬೇಕಾದರೂ ಸುರಿಯಬಹುದು ಅಂದಮೇಲೆ ಸುರಿಯಲು ತರಲೇಬೇಕಲ್ಲ.

ಬೆಳೆಗಾರ, ಪೊನ್ನಂಪೇಟೆ

ಟ್ರಸ್ಟಿನ ಲೆಕ್ಕ ಸರಿಯಾಗಿ ಹೇಳಿದಿ ತಂಗಿ. ಆದರೂ ಕಣದಲ್ಲಿ ಸುರಿದ ಮೇಲೆ ಕ್ಯೂರಿಂಗಿನವನು ಔಟ್‌ಟರ್ನ್, ಅಂದರೆ ಹಣ್ಣಿನಿಂದ ಎಷ್ಟು ಬೀಜ ಇಳಿಯಿತು ಅಂತ ನೋಡಿಯೇ ರೇಟು ಹೇಳುತ್ತಾನೆ. ದುಡ್ಡು ಕೊಟ್ಟವನಿಗೆ ಏನು ಔಟ್‌ಟರ್ನ್ ಬಂತು ಅಂತ ನೋಡಿದರೆ ಯಾರು ಯಾರಿಗೆ ಕೊಟ್ಟರು ಅಂತ ಒಂದು ಅಂದಾಜು ಸಿಗುತ್ತದೆ. ಪ್ರೂಫ್ ಮಾತ್ರ ಸಿಗುವುದಿಲ್ಲ. ಟೆಂಡರ್ ಸಿಕ್ಕಿದವರೆಲ್ಲ ಕೊಟ್ಟೇ ಪಡೆದರು ಅನ್ನಲೂ ಆಗುವುದಿಲ್ಲ, ಅದು ಅನ್ಯಾಯ.

ತೋಟದ ರೈಟರ್, ಸಿದ್ದಾಪುರ ಕಡೆ

ಎಲ್ಲರಿಗೂ ಥ್ಯಾಂಕ್ಸ್. ವಿರಾಜಪೇಟೆ ಮಗಳು ಹೇಳಿದ ಹಾಗೆ ಭಾನುವಾರ ಮಗನನ್ನು ಕೂರಿಸಿಕೊಂಡು ಆ ಕಂಪನಿಯ ವರದಿ ತೆಗೆಸಿದೆ. ಮುನ್ನೂರು ಚಿಲ್ಲರೆ ಪುಟ. ಗಿಡ ನೆಡುವ ಫೋಟೋ ಇತ್ತು! ಮಗ ಅರ್ಧದಲ್ಲೇ ಎದ್ದು ಕ್ರಿಕೆಟ್ ನೋಡಲು ಹೋದ. ನಾನು ಬೆರಳಿಟ್ಟು ಒಂದೊಂದೇ ಸಾಲು ನೋಡುತ್ತಾ ಹೋದೆ, ಅದು ನನ್ನ ಕೆಲಸವೇ ಅಲ್ವಾ. ಕೊನೆಗೆ ಸಿಕ್ಕಿತು. ಪ್ರಯಾಣ ವೆಚ್ಚಕ್ಕೂ ರಿಪೇರಿ ವೆಚ್ಚಕ್ಕೂ ಮಧ್ಯೆ ಒಂದು ಸಾಲು: ಎಲೆಕ್ಟೋರಲ್ ಟ್ರಸ್ಟ್‌ಗೆ ಕೊಡುಗೆ, ಇಷ್ಟು ಕೋಟಿ. ಯಾವ ಪಕ್ಷಕ್ಕೆ ಹೋಯಿತು ಅಂತ ಅಲ್ಲಿಲ್ಲ. ಮಗನ 40 ಶೇರಿನ ಪಾಲಿಗೆ ಎಷ್ಟು ಅಂತ ಕ್ಯಾಲ್ಕುಲೇಟರ್ ಒತ್ತಿ ನೋಡಿದೆ, ಒಂದು ಟೀ ದುಡ್ಡೂ ಆಗಲಿಲ್ಲ. ಹಾಗಾಗಿ ಯಾರೂ ಕೇಳುವುದಿಲ್ಲ.

ಆ ಸಾಲನ್ನು ಟೈಪ್ ಮಾಡಿದವನೂ ಯಾವುದೋ ಆಫೀಸಿನ ಒಬ್ಬ ರೈಟರ್ ಇರಬೇಕು. ಅವನಿಗೂ ಬೆಳಿಗ್ಗೆ ಯಾರೋ ಬಂದು ಹೀಗೆ ಬರಿ ಅಂದಿರುತ್ತಾರೆ. ವ್ಯತ್ಯಾಸ ಅಂದರೆ ಅವನು ಸುಣ್ಣ ಅಂತ ಬರೆಯಲಿಲ್ಲ, ಅರ್ಧ ನಿಜವನ್ನಾದರೂ ಬರೆದ. ನಾನು ಅಷ್ಟೂ ಬರೆಯಲಿಲ್ಲ. ಬ್ಯಾಂಕಿನ ಸಾರ್ ಲೈನ್‌ಮನೆಯವರಿಗೆ ಗೊತ್ತಿಲ್ಲ ಅಂದಿದ್ದು ನನಗೆ ಚುಚ್ಚಿತು. ಅವರ ನೀರಿನ ಅರ್ಜಿಯೂ ಸುಣ್ಣದ ಲೆಕ್ಕವೂ ಒಂದೇ ಪೆನ್ನಿನಲ್ಲಿ ಬರೆದದ್ದು.

ನಿನ್ನೆ ಸಣ್ಣ ಸಾಹುಕಾರರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅಪ್ಪನ ಬಗ್ಗೆ ಹೇಳುವಾಗ ನಾಲಿಗೆ ಸ್ವಲ್ಪ ತಡವರಿಸಿತು. ಅವರು ಏನೂ ಅನ್ನಲಿಲ್ಲ. 2023ರ ಪುಸ್ತಕ ತೆಗೆದು ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಸಣ್ಣ ಗೆರೆ ಹಾಕಿ ಮುಚ್ಚಿಟ್ಟರು. ಮುಂದಿನ ಚುನಾವಣೆಗೆ ಜೀಪು ಬಂದರೆ ಏನು ಮಾಡ್ತೀರಿ ಅಂತ ಕೇಳಬೇಕು ಅಂದುಕೊಂಡೆ, ಕೇಳಲಿಲ್ಲ.

ಸೋಮವಾರ ಸುಣ್ಣ ಬರುತ್ತಿದೆ, ಮೂರು ಲೋಡು. ಚೀಲ ಎಣಿಸಿ ಇಳಿಸಿಕೊಳ್ಳಿ ರೈಟ್ರೇ, ಖಾಲಿ ಚೀಲ ಒಂದೂ ಬಿಸಾಡಬೇಡಿ ಅಂತ ಹೇಳಿದ್ದಾರೆ.